ಬುಧವಾರದ ಬರ್ಗರ್

ನಮ್ಮೂರಿನಲ್ಲಿ ಬೆಂಕಿ ಹೊತ್ತುವುದು ಗುರುವಾರ ಮಾತ್ರ. ಆ ದಿನಕ್ಕೆ ನಾವು ಒಲೆದಿನ ಎನ್ನುತ್ತೇವೆ. ಮಿಕ್ಕ ದಿನ ಕಡ್ಡಿ ಗೀರಿದರೆ ಗೀರಿದ ಸದ್ದು ಬರುತ್ತದೆ, ಅಷ್ಟೆ. ಗ್ಯಾಸು ಬುಸ್ಸೆನ್ನುತ್ತದೆ, ಹೊತ್ತುವುದಿಲ್ಲ. ಹೊರಗಿನಿಂದ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು ಕರೆಂಟಿನಲ್ಲಿ ಅನ್ನ ಬಿಸಿ ಮಾಡುವ ಪೆಟ್ಟಿಗೆ ತಂದಿದ್ದರು. ಒಳಗೆ ದೀಪ ಹತ್ತಿತು, ತಟ್ಟೆ ಗರಗರ ತಿರುಗಿತು, ಕೊನೆಗೆ ಗಂಟೆಯೂ ಹೊಡೆಯಿತು. ಅನ್ನ ಮಾತ್ರ ಹೋದ ಹಾಗೇ ತಣ್ಣಗೆ ಹೊರಗೆ ಬಂತು. ಈಗ ಆ ಪೆಟ್ಟಿಗೆಯಲ್ಲಿ ಅವರು ಮಕ್ಕಳ ಕಾಲುಚೀಲ ಇಡುತ್ತಾರೆ.

ಗುರುವಾರ ಬೆಳಗಾಗುವುದೇ ತಡ, ಊರಿಗೆ ಊರೇ ಒಲೆಯ ಮುಂದೆ. ವಾರಕ್ಕಾಗುವಷ್ಟು ಅನ್ನ, ಸಾರು, ಪಲ್ಯ, ಚಪಾತಿ, ಇಡ್ಲಿ ಎಲ್ಲ ಅಂದೇ ಆಗಬೇಕು. ಒಲೆದಿನ ಬೆಂದದ್ದು ಮುಂದಿನ ಒಲೆದಿನದವರೆಗೂ ಹಳಸುವುದಿಲ್ಲ. ಆದರೆ ಹದ ಕೆಡುತ್ತದೆ. ಅನ್ನ ಕಾಳುಕಾಳಾಗಿ ಗಟ್ಟಿಯಾಗುತ್ತದೆ, ಚಪಾತಿ ತೊಗಲಾಗುತ್ತದೆ, ವಡೆಯನ್ನು ಗೋಡೆಗೆ ಹೊಡೆದರೆ ಸುಣ್ಣ ಉದುರುತ್ತದೆ. ಸಂಜೆ ಉರಿ ಆರುವ ಹೊತ್ತಿಗೆ ಉಳಿದ ಕೆಂಡವನ್ನು ಬೂದಿಯಲ್ಲಿ ಹೂತಿಡುತ್ತೇವೆ. ಪ್ರತಿ ಮನೆಯ ಅಡಿಗೆಕೋಣೆಯ ಮೂಲೆಯಲ್ಲೂ ಅದಕ್ಕೊಂದು ಕೆಂಡಗೂಡು ಇರುತ್ತದೆ. ಆ ಕೆಂಡ ಉರಿಯಾಗುವುದಿಲ್ಲ. ಆದರೆ ವಾರವಿಡೀ ಕಾವು ಕೊಡುತ್ತದೆ. ಶುಕ್ರವಾರ ಹತ್ತಿರ ಕೈ ಇಡಲಾಗದಷ್ಟು, ಬುಧವಾರದ ಹೊತ್ತಿಗೆ ಮಲಗಿದ ಬೆಕ್ಕಿನ ಹೊಟ್ಟೆಯಷ್ಟು.

ಹಾಗಾಗಿ ನಮ್ಮಲ್ಲಿ ಅಡಿಗೆ ಚೆನ್ನಾಗಿ ಮಾಡುತ್ತಾರೆ ಎಂದು ಯಾರನ್ನೂ ಹೊಗಳುವುದಿಲ್ಲ. ಕೈಗುಣ ತಿಳಿಯುವುದು ಬಿಸಿ ಮಾಡುವುದರಲ್ಲಿ. ನನ್ನ ಹೆಸರು ವಿಶಾಲಾಕ್ಷಿ. ಊರು ಕರೆಯುವುದು ಬಿಸಿ ವಿಶಾಲಮ್ಮ ಎಂದು. ಸೋಮವಾರದ ಇಡ್ಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಂಚಿನ ಪಾತ್ರೆಯಲ್ಲಿಟ್ಟು, ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತಿ ಕೆಂಡಗೂಡಿನ ಮೇಲೆ ಕೂರಿಸಿದೆನೆಂದರೆ, ಅದು ಈಗ ತಾನೇ ತಟ್ಟೆಯಿಂದ ಬಿಡಿಸಿದ ಹಾಗೆ ಬರುತ್ತಿತ್ತು. ಮದುವೆ ಮನೆಯವರು ನನ್ನನ್ನು ಕರೆದೊಯ್ದು ಮಂಗಳವಾರದ ಬಿಸಿಬೇಳೆಭಾತಿಗೆ ಕೈ ಹಾಕಿಸುತ್ತಿದ್ದರು. ಹಬೆಯೇ ನನ್ನ ಬಂಡವಾಳ. ಹಬೆಗೆ ಬಗ್ಗದ ತಿಂಡಿ ನಾನು ನೋಡಿರಲಿಲ್ಲ.

ನನ್ನ ಮಗ ಶಶಿಧರ ಊರಿನ ನೀರಿನ ಟ್ಯಾಂಕಿನಲ್ಲಿ ಕೆಲಸಕ್ಕಿದ್ದಾನೆ. ಅವನು ಮದುವೆಯಾಗಿ ತಂದ ವಾರಿಜ ಹೊಳೆಯಾಚೆಯವಳು. ಬಸ್ಸಿನಲ್ಲಿ ಇಡೀ ದಿನದ ದಾರಿ, ಅದೂ ಬರೀ ಹೊಂಡ. ಅಲ್ಲಿ ದಿನವೂ ಒಲೆ ಹೊತ್ತುತ್ತದೆ. ನಮ್ಮೂರಿನ ವಿಷಯ ಹೆಣ್ಣು ನೋಡಲು ಹೋದಾಗಲೇ ಹೇಳಿದ್ದೆವು. ಅವರ ಮನೆಯವರು ತಮಾಷೆ ಎಂದುಕೊಂಡು ನಕ್ಕಿದ್ದರು. ಮದುವೆಯಾದ ಮೊದಲ ಶುಕ್ರವಾರ ಬೆಳಿಗ್ಗೆ ವಾರಿಜ ಕಾಫಿಗೆಂದು ಕಡ್ಡಿ ಗೀರಿದಳು. ಒಂದಾದ ಮೇಲೊಂದು ಗೀರಿ, ಪೊಟ್ಟಣ ಖಾಲಿಯಾದ ಮೇಲೆ, “ಅತ್ತೆ, ಕಡ್ಡಿಗೆ ಥಂಡಿ ಹಿಡಿದಿದೆ ಅಂತ ಕಾಣುತ್ತೆ” ಅಂದಳು.

“ಥಂಡಿ ಅಲ್ಲ ಕಣಮ್ಮ, ಶುಕ್ರವಾರ” ಅಂದೆ.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಹೊಂದಿಕೊಂಡಳು. ಕೆಂಡ ಹೂಳುವುದು ಕಲಿತಳು, ಬೂದಿ ಜರಡಿ ಹಿಡಿಯುವುದು ಕಲಿತಳು. ಮಾತು ಕಮ್ಮಿ. ನಾನು ಬಿಸಿ ಮಾಡಿ ಬಡಿಸಿದ್ದನ್ನು ತಲೆ ತಗ್ಗಿಸಿ ತಿನ್ನುತ್ತಿದ್ದಳು. ಚೆನ್ನಾಗಿದೆ ಎಂದು ಒಂದು ದಿನವೂ ಅನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ಊರೆಲ್ಲ ಕೊಂಡಾಡುವ ಕೈಯ ಬಗ್ಗೆ ಮನೆಯ ಸೊಸೆಯೇ ಬಾಯಿ ಬಿಡದಿದ್ದರೆ ಹೇಗಾಗುತ್ತದೆ, ನೀವೇ ಯೋಚಿಸಿ. ನಾನೂ ಬಿಗಿದುಕೊಂಡೇ ಇದ್ದೆ. ಜಗಳವೇನೂ ಇಲ್ಲ. ಎರಡು ಪಾತ್ರೆ ಪಕ್ಕಪಕ್ಕದಲ್ಲಿದ್ದೂ ಒಂದಕ್ಕೊಂದು ತಾಗದ ಹಾಗೆ ಇದ್ದೆವು.

ಮೊದಲನೆಯ ಬಸುರು ಮೂರನೇ ತಿಂಗಳಲ್ಲೇ ಹೋಯಿತು. ಆಗ ಅವಳು ಅತ್ತದ್ದನ್ನು ನಾನು ನೋಡಲಿಲ್ಲ, ಗೋಡೆಯಾಚೆಯಿಂದ ಕೇಳಿದೆ. ಮತ್ತೆ ನಿಂತಾಗ ಯಾರಿಗೂ ಹೇಳದೆ ಇಟ್ಟುಕೊಂಡೆವು. ಆದರೆ ವಾಂತಿ ಹೇಳಿಬಿಟ್ಟಿತು. ಎಂಥ ವಾಂತಿ ಎಂದರೆ, ಸಾಮಾನ್ಯ ಬಸುರಿಯರ ಬೆಳಗಿನ ವಾಂತಿಯಲ್ಲ. ಗುರುವಾರ ಒಲೆಯಿಂದಿಳಿದ ಬಿಸಿ ಅನ್ನ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಶುಕ್ರವಾರದಿಂದ ಶುರು. ನಾನು ಬಿಸಿ ಮಾಡಿದ್ದರ ಮುಚ್ಚಳ ತೆಗೆದರೆ ಸಾಕು, ಹಬೆಯ ವಾಸನೆಗೇ ಹಿತ್ತಿಲಿಗೆ ಓಡುತ್ತಿದ್ದಳು. ಮಜ್ಜಿಗೆ ಕುಡಿದರೆ ಅರ್ಧ ವಾಪಸು. ಬಾಳೆಹಣ್ಣು ಕೊಟ್ಟರೆ ಪೂರ್ತಿ ವಾಪಸು. ಮೊಣಕೈ ಮೂಳೆ ಎದ್ದು ಕಾಣತೊಡಗಿತು.

ಊರಿನ ಡಾಕ್ಟರಮ್ಮ ತೂಕ ನೋಡಿ ಮುಖ ಸಣ್ಣ ಮಾಡಿದರು. “ಹೀಗೇ ಇಳೀತಾ ಹೋದ್ರೆ ಹೊಳೆಯಾಚೆ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕಾಗುತ್ತೆ. ಆದ್ರೆ ಆ ದಾರೀಲಿ ಬಸ್ಸಲ್ಲಿ ಕೂರಿಸಿ ಕಳಿಸಕ್ಕೆ ನಂಗೆ ಧೈರ್ಯ ಇಲ್ಲ. ಹಿಂದಿನ ಸಲದ್ದು ನೆನಪಿದೆ ಅಲ್ವಾ?” ಅಂದರು. “ಏನಾದ್ರೂ ಸರಿ, ಅವಳಿಗೆ ಹಿಡಿಸೋದು ಒಂದೇ ಒಂದು ಪದಾರ್ಥ ಹುಡುಕಿ. ದಿನಾ ಒಳಗೆ ಹೋಗ್ಬೇಕು.”

ಮನೆಗೆ ಬರುವ ದಾರಿಯಲ್ಲಿ ವಾರಿಜ, “ಅಮ್ಮನ ಮನೇಲಿದ್ದಿದ್ರೆ” ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದಳು. ಶಶಿಧರ ನೆಲ ನೋಡುತ್ತ ನಡೆದ. ಅವಳು ಹೇಳಿದ್ದು ನಿಜ.

ಮುಂದಿನ ಒಲೆದಿನ ಶಶಿಧರ ಕೆಲಸ ಮುಗಿಸಿ ಬರುವಾಗ ಎಣ್ಣೆ ಕಾಗದದ ಪೊಟ್ಟಣವೊಂದನ್ನು ತಂದ. ಬಸ್ ಸ್ಟ್ಯಾಂಡಿನ ಹತ್ತಿರ ಗಫಾರ್ ಸಾಬರ ಬೇಕರಿ ಇದೆ. ಬನ್ನು, ರಸ್ಕು, ಪಫ್ಸು ಎಲ್ಲ ಗುರುವಾರವೇ. ಈಚೆಗೆ ಬರ್ಗರ್ ಶುರು ಮಾಡಿದ್ದರು. ಎರಡು ಹೋಳು ಬನ್ನಿನ ಮಧ್ಯೆ ಆಲೂಗೆಡ್ಡೆ, ಬಟಾಣಿಯ ಗರಿಗರಿ ವಡೆ, ಎಲೆಕೋಸು, ಟೊಮೇಟೊ, ಈರುಳ್ಳಿ, ಅದರ ಮೇಲೊಂದು ಬಿಳಿ ಸಾಸು. ಜನ ಸಾಲುಗಟ್ಟಿ ನಿಂತು ಅಲ್ಲೇ ತಿಂದು ಕೈ ಒರೆಸಿಕೊಂಡು ಹೋಗುತ್ತಿದ್ದರು. ಮನೆಗೆ ಯಾರೂ ಒಯ್ಯುತ್ತಿರಲಿಲ್ಲ. ಶುಕ್ರವಾರದ ಬರ್ಗರಿನಷ್ಟು ದರಿದ್ರದ್ದು ಇನ್ನೊಂದಿಲ್ಲ ಎಂದು ಊರಿಗೇ ಗೊತ್ತಿತ್ತು.

ವಾರಿಜ ಪೊಟ್ಟಣ ಬಿಚ್ಚಿ ಮೂಸಿದಳು. ನಾನು ಚೊಂಬಿನಲ್ಲಿ ನೀರು ಹಿಡಿದುಕೊಂಡು ನಿಂತಿದ್ದೆ, ಓಡುತ್ತಾಳೆ ಎಂದು. ಓಡಲಿಲ್ಲ. ಕಚ್ಚಿದಳು, ಅಗಿದಳು, ಕಣ್ಣು ಮುಚ್ಚಿದಳು. ಪೂರ್ತಿ ತಿಂದಳು. ಬೆರಳಿಗಂಟಿದ ಸಾಸನ್ನೂ ಬಿಡಲಿಲ್ಲ. ಆಮೇಲೆ ಗಂಡನ ಕಡೆ ನೋಡಿ, “ಇನ್ನೊಂದು ಇದೆಯಾ?” ಅಂದಳು. ಶಶಿಧರ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬೇಕರಿಗೆ ಓಡಿದ. ವಾರಕ್ಕಾಗುವಷ್ಟು ಹೊತ್ತು ತಂದ. ನಮ್ಮ ಅಡಿಗೆಕೋಣೆಯ ಗೋಡೆಗೂಡಿನಲ್ಲಿ ಬರ್ಗರುಗಳು ಸಾಲಾಗಿ ಕೂತವು.

“ನಾಳೆಯಿಂದ ನಿನ್ನ ಕೈಲಿದೆ ಅಮ್ಮ” ಅಂದ.

“ಬಿಡೋ. ಬನ್ನು ತಾನೆ” ಅಂದೆ.

ಶುಕ್ರವಾರ ನಾನು ನನಗೆ ಗೊತ್ತಿದ್ದದ್ದನ್ನೇ ಮಾಡಿದೆ. ಒದ್ದೆ ಬಟ್ಟೆ, ಕಂಚಿನ ಪಾತ್ರೆ, ಅಂಚಿಗೆ ಹಿಟ್ಟು. ತೆಗೆದಾಗ ನೋಡಲು ಚೆನ್ನಾಗಿಯೇ ಇತ್ತು, ಉಬ್ಬಿಕೊಂಡು, ಹೊಳೆಯುತ್ತ. ವಾರಿಜ ಎತ್ತಿಕೊಂಡಳು. ಬೆರಳು ಬನ್ನಿನೊಳಗೆ ಹೂತುಹೋಯಿತು. ಎಲೆಕೋಸು ಬೆಂದು, ಆ ಬೆಂದ ವಾಸನೆ ಮೇಲೆದ್ದಿತು. ಒಂದು ತುತ್ತು ಬಾಯಿಗಿಟ್ಟವಳು ಉಗುಳಿ, ಗೋಡೆ ಹಿಡಿದುಕೊಂಡು ಹೊರಗೆ ಹೋದಳು.

ಶನಿವಾರ ಹಬೆ ಬಿಟ್ಟೆ. ಕಾವಲಿಯನ್ನು ಕೆಂಡಗೂಡಿನ ಮೇಲಿಟ್ಟು ಬರ್ಗರನ್ನು ಇಡಿಯಾಗಿ ಅದರ ಮೇಲೆ ಕೂರಿಸಿ, ತಿರುವಿ ತಿರುವಿ ಕಾಯಿಸಿದೆ. ಬನ್ನು ರಸ್ಕಾಯಿತು. ಒಳಗಿನ ವಡೆ ಮಾತ್ರ ಮೊದಲಿದ್ದಷ್ಟೇ ತಣ್ಣಗಿತ್ತು. ತಿರುವುವಾಗ ಜಜ್ಜಿದ ಟೊಮೇಟೊ ಅಂಚಿನಿಂದ ಪಿಚಕ್ಕೆಂದು ಚಿಮ್ಮಿತು. ವಾರಿಜ ಅಂಚನ್ನು ಕಚ್ಚಿ, “ಹಲ್ಲು ನೋಯುತ್ತೆ ಅತ್ತೆ” ಎಂದು ಇಟ್ಟುಬಿಟ್ಟಳು. ಭಾನುವಾರ ಎಣ್ಣೆ ಸವರಿ ನೋಡಿದೆ. ಎಣ್ಣೆ ಹೀರಿದ ಬನ್ನನ್ನು ನಮ್ಮ ಹಿತ್ತಿಲಿನ ಕಾಗೆಯೂ ಅನುಮಾನದಿಂದ ನೋಡಿತು.

ಅಷ್ಟು ಹೊತ್ತಿಗೆ ವಾರಿಜ ಎದ್ದು ಕೂರುವುದೂ ಕಷ್ಟವಾಗಿತ್ತು. ಎದ್ದರೆ ಕಣ್ಣು ಕತ್ತಲೆ. ತುಟಿ ಒಡೆದಿತ್ತು. ನನ್ನ ಹೆಸರು, ಕೈಗುಣ, ಮದುವೆ ಮನೆಯ ಕರೆ ಯಾವುದೂ ನನಗೆ ಆಗ ಬೇಕಿರಲಿಲ್ಲ. ಸೆರಗು ಹೊದ್ದು ಬೇಕರಿಗೆ ಹೊರಟೆ.

ಗಫಾರ್ ಸಾಬರು ಬಾಗಿಲು ಅರ್ಧ ತೆರೆದುಕೊಂಡು ತಣ್ಣನೆಯ ಭಟ್ಟಿಯ ಮುಂದೆ ಕೂತು ಟ್ರೇಗಳನ್ನು ಉಜ್ಜುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

“ಏನ್ ವಿಶಾಲಮ್ಮೋರೆ, ಇವತ್ತು ಬೇಕರೀಲಿ ಬಿಸಿಯಾಗಿ ಏನೂ ಇಲ್ವಲ್ಲ.”

“ನಿಮ್ಮ ಬರ್ಗರ್ ಬಿಸಿ ಮಾಡೋದು ಹೇಗೆ ಹೇಳ್ಕೊಡಿ ಸಾಬ್ರೆ” ಅಂದೆ.

ಅವರು ನಗಲಿಲ್ಲ. ಊರಿನಲ್ಲಿ ನಾನು ಇನ್ನೊಬ್ಬರನ್ನು ಹೀಗೆ ಕೇಳಿದ್ದು ಅದೇ ಮೊದಲೆಂದು ಅವರಿಗೂ ಗೊತ್ತಿತ್ತು. ವಿಷಯ ಹೇಳಿದೆ. ಕೇಳಿ ಗಡ್ಡ ನೀವಿಕೊಂಡರು.

“ಸುಳ್ಳು ಹೇಳಲ್ಲ ಅಮ್ಮ. ಮಾಡೋದು ಗೊತ್ತು, ಮತ್ತೆ ಬಿಸಿ ಮಾಡೋದು ನಂಗೂ ಗೊತ್ತಿಲ್ಲ. ನಮ್ಮನೇಲಿ ಉಳಿದ್ರೆ ಸಾರಿಗೆ ಅದ್ದಿ ತಿಂತೀವಿ. ಆದ್ರೆ ಒಂದು ಮಾತು. ನಾನು ಮಾಡುವಾಗ ಬನ್ನು ಬೇರೆ, ವಡೆ ಬೇರೆ, ಸೊಪ್ಪು ಬೇರೆ. ಒಟ್ಟು ಸೇರೋದು ಗಿರಾಕಿ ಕೈಗೆ ಕೊಡೋ ಗಳಿಗೇಲಿ.” ಉಳಿದಿದ್ದ ಬರ್ಗರುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ನನ್ನ ಕೈಗಿತ್ತರು. “ಕೆಡಿಸಿ ಕೆಡಿಸಿ ನೋಡಿ. ನಿಮ್ಮ ಸೊಸೆಗೆ ಅಲ್ಲಾ ಒಳ್ಳೇದು ಮಾಡ್ಲಿ.”

ಮನೆಗೆ ಬಂದರೆ ವಾರಿಜ ಗೋಡೆ ಹಿಡಿದುಕೊಂಡು ಅಡಿಗೆಕೋಣೆಯ ಹೊಸ್ತಿಲಿಗೆ ಬಂದು ಕೂತಿದ್ದಳು. ಮಲಗಿ ಮಲಗಿ ಬೆನ್ನು ನೋವಂತೆ. ನಾನು ಚೀಲ ಇಳಿಸಿ ಅವಳ ಎದುರಿಗೆ ಕಾಲು ಚಾಚಿ ಕೂತೆ.

“ಏನು ಹಿಡಿಸಿತ್ತು ಹೇಳು. ಗುರುವಾರದ್ದರಲ್ಲಿ” ಅಂದೆ. “ರುಚಿ ಬಿಡು. ಬಾಯಲ್ಲಿ ಹೇಗಿತ್ತು ಹೇಳು.”

ವಾರಿಜ ಯೋಚಿಸಿದಳು. ಒಣಗಿದ ತುಟಿ ಒದ್ದೆ ಮಾಡಿಕೊಂಡಳು. “ಬನ್ನು ಕಚ್ಚಿದ ಕೂಡ್ಲೆ ಒಳಮೈ ಸ್ವಲ್ಪ ಕರುಕ್ ಅಂತಿತ್ತು. ಮೇಲೆ ಮಾತ್ರ ಮೆತ್ತಗೆ. ವಡೆ ಸುಡ್ತಿತ್ತು. ಆಮೇಲೆ ತಣ್ಣಗೆ ಕೋಸು, ಈರುಳ್ಳಿ. ಬಿಸಿ ಆದ್ಮೇಲೆ ತಣ್ಣಗೆ ಬರ್ತಿತ್ತಲ್ಲ, ಅದೇ ಅತ್ತೆ. ಅದು ಬಂದ್ರೆ ವಾಂತಿ ಬರಲ್ಲ.” ಆಮೇಲೆ, “ಇಲ್ಲಿ ಎಲ್ಲಾ ಒಂದೇ ಥರ ಬಿಸಿ ಇರುತ್ತೆ. ಒಂದೇ ಥರ ಮೆತ್ತಗೆ” ಅಂದಳು.

ಸೊಸೆ ನನ್ನ ಅಡಿಗೆಯ ಬಗ್ಗೆ ಆಡಿದ ಮೊದಲ ಮಾತು ಅದು. ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಕೆಲಸಕ್ಕೆ ಬರುವ ಮಾತು ಅದು, ಕೈಗೆ ಸಿಕ್ಕ ಸೌಟಿನ ಹಾಗೆ.

ಬರ್ಗರೊಂದನ್ನು ತೆಗೆದು ಬಿಚ್ಚಿ ತಟ್ಟೆಯಲ್ಲಿ ಹರಡಿದೆ. ಮೇಲಿನ ಬನ್ನು, ಕೆಳಗಿನ ಬನ್ನು, ವಡೆ. ಬಾಡಿದ ಕೋಸು, ಟೊಮೇಟೊ ಎತ್ತಿ ಆಚೆ ಹಾಕಿದೆ. ಹಸಿಯದಕ್ಕೆ ಒಲೆ ಯಾಕೆ ಬೇಕು? ಬೇರೆ ಹೆಚ್ಚಿಕೊಂಡರಾಯಿತು. ಬನ್ನಿಗೆ ಮೆತ್ತಿದ್ದ ಸಾಸನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆದೆ. ಬನ್ನನ್ನು ಒದ್ದೆ ಮಾಡುತ್ತಿದ್ದದ್ದು ಅದೇ.

“ಕೋಸು ನಾನು ಹೆಚ್ತೀನಿ” ಅಂದಳು ವಾರಿಜ. ಈಳಿಗೆಮಣೆ ಅವಳ ಹತ್ತಿರ ಸರಿಸಿದೆ. ಕೂದಲೆಳೆಯ ಹಾಗೆ ಹೆಚ್ಚಿ, ತಣ್ಣೀರಿನ ಬಟ್ಟಲಿಗೆ ಹಾಕಿದಳು. ಸೌತೆಕಾಯಿಯನ್ನೂ ಹೆಚ್ಚಿದಳು.

ಮೊದಲು ವಡೆ. ಬರೀ ಕಾವಲಿಯ ಮೇಲಿಟ್ಟರೆ ಹೊರಗೆ ಸೀದು ಒಳಗೆ ತಣ್ಣಗಿರುತ್ತದೆ, ಬರೀ ಹಬೆಯಲ್ಲಿಟ್ಟರೆ ಒಳಗೆ ಬಿಸಿಯಾಗಿ ಹೊರಗೆ ಲೊಳಕು. ಹಾಗಾದರೆ ಎರಡೂ ಬೇಕು, ಒಂದಾದ ಮೇಲೊಂದು. ಕಾವಲಿ ಚೆನ್ನಾಗಿ ಕಾದ ಮೇಲೆ ವಡೆ ಇಟ್ಟು, ಅದಕ್ಕೆ ತಾಗದ ಹಾಗೆ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ಬಟ್ಟಲು ಕವುಚಿದೆ. ಚುಂಯ್ ಎಂದ ಸದ್ದು ಒಳಗೇ ಅಡಗಿತು. ಆ ಸದ್ದು ಪೂರ್ತಿ ನಿಂತ ಮೇಲೆ ಬಟ್ಟಲು ತೆಗೆದು, ಒಂದು ತೊಟ್ಟು ಎಣ್ಣೆ ಬಿಟ್ಟು, ಎರಡೂ ಮಗ್ಗುಲು ತೆರೆದೇ ಕಾಯಿಸಿದೆ. ವಡೆಯ ಮೈ ಮತ್ತೆ ಗರಿಯಾಗುತ್ತ ಬಂತು. ಚಮಚದಿಂದ ತಟ್ಟಿದರೆ ಟಕ್ ಎಂದಿತು.

ಬನ್ನಿಗೆ ಬಂದಾಗ ನನ್ನ ಕೈ ಅಭ್ಯಾಸಬಲದಿಂದ ಮುಚ್ಚಳಕ್ಕೇ ಹೋಯಿತು. “ಬೇಡ ಅತ್ತೆ, ಮುಚ್ಚಬೇಡಿ” ಅಂದಳು ವಾರಿಜ. ಬನ್ನಿನ ಮೇಲ್ಮೈಗೆ ಒದ್ದೆ ಬೆರಳು ಆಡಿಸಿ, ಕೊಯ್ದ ಮುಖ ಕೆಳಗೆ ಮಾಡಿ, ಒಣ ಕಾವಲಿಯ ಮೇಲಿಟ್ಟೆವು. ಕೈಯಿಂದ ಒತ್ತಲಿಲ್ಲ. ಮೊದಲನೆಯದು ಕಪ್ಪಾಯಿತು, ತೆಗೆಯಲು ತಡವಾಗಿತ್ತು. ಎರಡನೆಯದಕ್ಕೆ ಅವಸರ ಮಾಡಿದೆ, ಹಿಟ್ಟುಹಿಟ್ಟಾಗಿತ್ತು. ಮೂರನೆಯದಕ್ಕೆ ಇಬ್ಬರೂ ಮೂಗು ಹತ್ತಿರ ತಂದು ಕೂತೆವು. ಬನ್ನಿನ ವಾಸನೆ ಸಿಹಿಯಾಗಿ ತಿರುಗಿದ ಕೂಡಲೇ ಇಬ್ಬರೂ ಒಟ್ಟಿಗೆ, “ಈಗ” ಅಂದೆವು.

ಜೋಡಿಸಿದ್ದು ಅವಳೇ. ಕೋಸನ್ನು ಹಿಂಡಿ, ಬಟ್ಟೆಗೆ ಒತ್ತಿ ನೀರಾರಿಸಿ ಇಟ್ಟಳು. ಸಾಸಿನ ಬದಲು ಗಟ್ಟಿ ಮೊಸರಿಗೆ ಉಪ್ಪು, ಮೆಣಸು ಕಲಸಿ ಸವರಿದಳು. ಕಚ್ಚಿದಳು. ನನಗೂ ಆ ಕರುಕ್ ಕೇಳಿಸಿತು.

ತಿಂದು ಮುಗಿಸಿದಳು. ಆಮೇಲಿನದೇ ಕಷ್ಟ. ಇಬ್ಬರೂ ಹಿತ್ತಿಲಿನ ಮೆಟ್ಟಿಲ ಮೇಲೆ ಹೋಗಿ ಕೂತೆವು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಬಿಸಿಲು ಒಣಗಲು ಹಾಕಿದ್ದ ಸೀರೆಗಳ ಮೇಲಿಂದ ಜಾರಿ ತೊಟ್ಟಿಯ ಹತ್ತಿರ ಬಂತು. ಒಮ್ಮೆ ಅವಳು ಎದೆ ಒತ್ತಿಕೊಂಡಳು. ತೇಗು. ಬರೀ ತೇಗು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಮೊದಲು ನಕ್ಕಳು. ಶಶಿಧರ ಬಂದಾಗ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಅವನು ಏನೋ ಕೇಳಲು ಬಾಯಿ ತೆರೆದ. ನಾನು ಬೆರಳು ತುಟಿಯ ಮೇಲಿಟ್ಟೆ. ಭುಜ ಜೋಮು ಹಿಡಿದಿತ್ತು, ಕದಲಲಿಲ್ಲ.

ಸೋಮವಾರ ಹಾಗೆಯೇ ಆಯಿತು. ಮಂಗಳವಾರ ಕಾವಲಿ ಕಾಯಲು ಬಹಳ ಹೊತ್ತು ಬೇಕಾಯಿತು, ಹೇಗೋ ಆಯಿತು. ಬುಧವಾರ ಬೂದಿ ಸರಿಸಿ ನೋಡಿದರೆ ಕೆಂಡದಲ್ಲಿ ಏನೂ ಉಳಿದಿರಲಿಲ್ಲ. ಕಾವಲಿಗೆ ನೀರು ಚಿಮುಕಿಸಿದರೆ ಹನಿ ಹನಿಯಾಗಿಯೇ ಕೂತಿತ್ತು. ಅನ್ನವಾಗಿದ್ದರೆ ಆ ಕಾವಿನಲ್ಲೂ ಹೇಗಾದರೂ ಮಾಡುತ್ತಿದ್ದೆ. ಗರಿಯಾಗಬೇಕಾದದ್ದಕ್ಕೆ ಅದು ಸಾಲದು. ಹೊಸ್ತಿಲಲ್ಲಿ ಕೋಸು ಹೆಚ್ಚಿಕೊಂಡು ಕೂತಿದ್ದ ವಾರಿಜ, “ಒಂದಿನ ತಾನೆ ಅತ್ತೆ, ತಡ್ಕೋತೀನಿ” ಅಂದಳು. ಅವಳ ಕಣ್ಣಿನ ಕೆಳಗಿನ ಕಪ್ಪು ಇನ್ನೂ ಹೋಗಿರಲಿಲ್ಲ.

ನಮ್ಮೂರಲ್ಲಿ ಉಪ್ಪು ಕೇಳಬಹುದು, ಹೆಪ್ಪು ಕೇಳಬಹುದು. ಕೆಂಡ ಕೇಳುವುದಿಲ್ಲ. ವಾರದ ಕೊನೆಗೆ ಎಲ್ಲರ ಮನೆಯ ಕಾವೂ ಅಷ್ಟಕ್ಕಷ್ಟೆ. ಒಬ್ಬರಿಗೆ ಕೊಟ್ಟರೆ ತಮ್ಮ ಮನೆಯ ಮುದುಕರ ಗಂಜಿ ತಣ್ಣಗಾಗುತ್ತದೆ. ಯಾರೂ ಮಾಡಿದ ಕಟ್ಟಳೆಯಲ್ಲ, ಆದರೂ ಯಾರೂ ಮೀರಿದ್ದಿಲ್ಲ. ಅದರ ಮೇಲೆ, ಎದುರು ಮನೆಯ ದೇವೀರಮ್ಮನಿಗೂ ನನಗೂ ಮಾತಿರಲಿಲ್ಲ. ಅವಳ ಮಗಳ ಸೀಮಂತದ ಚಿತ್ರಾನ್ನ ಒಣಗಿತ್ತು ಎಂದು ನಾನು ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಆದರೆ ಆ ಬೀದಿಯಲ್ಲಿ ದೊಡ್ಡ ಕೆಂಡಗೂಡು ಇದ್ದದ್ದು ಅವಳ ಮನೆಯಲ್ಲೇ. ಮಣ್ಣಿನ ಚಟ್ಟಿ ಸೆರಗಿನೊಳಗೆ ಹಿಡಿದುಕೊಂಡು ಹೋಗಿ ಬಾಗಿಲಲ್ಲಿ ನಿಂತೆ.

“ದೇವೀರಿ, ಒಂದಿಷ್ಟು ಕೆಂಡ ಬೇಕಿತ್ತು.”

ಅವಳು ಅವರೆಕಾಳು ಬಿಡಿಸುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು, ಚಟ್ಟಿಯನ್ನು ನೋಡಿದಳು.

“ಬುಧವಾರ ಕೆಂಡ ಕೇಳ್ತಿದ್ದೀಯಲ್ಲ ವಿಶಾಲಕ್ಕ, ಗೊತ್ತಿದ್ದೇ ಕೇಳ್ತಿದ್ದೀಯಾ?”

“ಗೊತ್ತಿದ್ದೇ ಕೇಳ್ತಿದ್ದೀನಿ. ವಾರಿಜ ಬಸುರಿ. ಬರ್ಗರ್ ಬಿಟ್ಟು ಬೇರೇನೂ ಹೊಟ್ಟೇಲಿ ನಿಲ್ತಿಲ್ಲ.”

“ಬರ್ಗರ್ರಾ?” ದೇವೀರಮ್ಮ ಮೊರ ಕೆಳಗಿಟ್ಟಳು. “ಬಸುರಿ ಬಯಕೆ ಅಂದ್ರೆ ಹುಣಸೆಕಾಯಿ ಕೇಳಿದ್ದೀನಿ, ಕೆಮ್ಮಣ್ಣು ಕೇಳಿದ್ದೀನಿ. ಇದ್ಯಾವುದಪ್ಪ.” ಎದ್ದು ಒಳಗೆ ಹೋದಳು. ಬೂದಿ ಸರಿಸುವ ಸದ್ದು ಕೇಳಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ನನ್ನ ಚಟ್ಟಿಗಿಂತ ದೊಡ್ಡ ಚಟ್ಟಿ ಇತ್ತು. “ನಿನ್ನ ಕೈಗೆ ಕೊಡಲ್ಲ. ನಾನೇ ತರ್ತೀನಿ. ಬಿಸಿ ವಿಶಾಲಮ್ಮ ಅದೇನು ಮಾಡ್ತಾಳೋ ನಾನೂ ನೋಡ್ಬೇಕು.”

ಬಂದಳು, ಕೂತಳು, ನೋಡಿದಳು. ಅವಳ ಕೆಂಡ ನಮ್ಮ ಕೆಂಡದ ಜೊತೆ ಸೇರಿದಾಗ ಕಾವಲಿ ಮತ್ತೆ ಚುಂಯ್ ಎಂದಿತು. ಮುಚ್ಚಳ ತೆಗೆದು ಕಾಯಿಸುವಾಗ, “ಅಯ್ಯೋ, ಮುಚ್ಚಲ್ವಾ?” ಅಂದಳು. “ಮುಚ್ಚಬಾರ್ದು ದೇವೀರಕ್ಕ” ಎಂದು ವಾರಿಜ ಅವಳಿಗೆ ಹೇಳಿಕೊಟ್ಟಳು. ಆ ದಿನದ ಬರ್ಗರ್ ಭಾನುವಾರದ್ದಕ್ಕಿಂತ ಚೆನ್ನಾಗಿ ಬಂತು. ವಾರಿಜ ತಿನ್ನುವುದನ್ನು ದೇವೀರಮ್ಮ ಗಲ್ಲಕ್ಕೆ ಕೈ ಕೊಟ್ಟು ನೋಡಿದಳು, ಅವಳೇ ತಿಂದಷ್ಟು ಸಂತೋಷದಿಂದ. ಹೋಗುವಾಗ ಬಾಗಿಲಲ್ಲಿ ನಿಂತು, “ಇಲ್ಲಿ ಮುಚ್ಚಳ ತೆಗೀಬೇಕು ಅಂತ ನಿಂಗೂ ಈಗ ತಾನೆ ಗೊತ್ತಾಗಿದ್ದು. ಚಿತ್ರಾನ್ನಕ್ಕೆ ನಾನು ಮುಚ್ಚಳ ಮುಚ್ಚಬೇಕಿತ್ತು ಅಂತ ಆವತ್ತು ನನಗೇ ಹೇಳಿದ್ದಿದ್ರೆ ಕೇಳ್ತಿದ್ದೆ” ಅಂದಳು. ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು.

ಮುಂದಿನ ಬುಧವಾರ ಕೆಂಡ ಕೇಳಲು ನಾನು ಎಲ್ಲಿಗೂ ಹೋಗಲಿಲ್ಲ. ದೇವೀರಮ್ಮ ಬಂದಳು. ಅವಳ ಹಿಂದೆ ಮೂಲೆಮನೆಯವರು ಇಕ್ಕಳದಲ್ಲಿ ಒಂದೇ ಒಂದು ಕೆಂಡ ಹಿಡಿದುಕೊಂಡು, ಗಾಳಿ ತಾಗದ ಹಾಗೆ ಕೈ ಮರೆ ಮಾಡಿ ಬಂದರು. ಬ್ಯಾಂಕಿನವರ ಹೆಂಡತಿಯೂ ಬಂದರು. ಎಲ್ಲರಿಗೂ ಒಂದೊಂದು ಚೂರು ರುಚಿ ತೋರಿಸಲೇಬೇಕಾಯಿತು. ಗಫಾರ್ ಸಾಬರು ಬನ್ನು, ವಡೆ ಬೇರೆ ಬೇರೆ ಕಾಗದದಲ್ಲಿ ಸುತ್ತಿ ಕಳಿಸಲು ಶುರು ಮಾಡಿದರು. ಈಗ ಊರಲ್ಲಿ ಬರ್ಗರನ್ನು ಮನೆಗೊಯ್ಯದವರು ಯಾರೂ ಇಲ್ಲ ಎನ್ನಬೇಕು.

ತೂಕ ಮೊದಲು ನಿಂತಿತು, ಆಮೇಲೆ ಏರಿತು. ಮೂರನೇ ತಿಂಗಳು ಕಳೆದ ದಿನ ನಾನೂ ವಾರಿಜಳೂ ಅದರ ಮಾತೇ ಎತ್ತಲಿಲ್ಲ, ಆದರೆ ಅಂದು ಇಬ್ಬರೂ ಕಾರಣವಿಲ್ಲದೆ ಅಡಿಗೆಕೋಣೆಯಲ್ಲೇ ಸುಳಿದಾಡಿದೆವು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, “ಇನ್ನು ದೊಡ್ಡಾಸ್ಪತ್ರೆ ಮಾತು ಬೇಡ” ಅಂದಾಗ ಶಶಿಧರ ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದು ಕೂತು ಎರಡು ಕೈಯಲ್ಲೂ ಮುಖ ಒರೆಸಿಕೊಂಡ. ಐದನೇ ತಿಂಗಳಲ್ಲಿ ಒಂದು ದಿನ ವಾರಿಜ ಸೋಮವಾರದ ಸಾರು ತಾನೇ ಕೇಳಿ ಹಾಕಿಸಿಕೊಂಡಳು. “ಉಪ್ಪು ಕಮ್ಮಿ ಆಯ್ತು ಅತ್ತೆ” ಅಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಉಪ್ಪಿನ ಡಬ್ಬಿಯನ್ನೇ ಅವಳ ಮುಂದಿಟ್ಟೆ.

ಹೆರಿಗೆ ಶನಿವಾರ, ನಮ್ಮೂರಿನ ಆಸ್ಪತ್ರೆಯಲ್ಲೇ. ನೋವು ಬೆಳಿಗ್ಗೆ ಶುರುವಾಯಿತು. ನಾನು ಕಾಫಿ ಕೂಡ ಕುಡಿಯದೆ ಹೊರಟುಬಂದಿದ್ದೆ. ಮಧ್ಯಾಹ್ನವಾಯಿತು, ಸಂಜೆಯ ಬಿಸಿಲು ಕಿಟಕಿಗೆ ಬಂತು. ಒಳಗಿನಿಂದ ವಾರಿಜಳ ಕೂಗು, ಆಮೇಲೆ ಯಾರ ಕೂಗೂ ಇಲ್ಲದ ಒಂದು ಗಳಿಗೆ. ನಾನು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದೆ. ಆಮೇಲೆ ಇನ್ನೊಂದು ಹೊಸ ದನಿ, ಸಣ್ಣದು, ಕೋಪಿಸಿಕೊಂಡದ್ದು. ಡಾಕ್ಟರಮ್ಮ ಬಾಗಿಲು ತೆರೆದು, “ಹೆಣ್ಣು ಮಗು ವಿಶಾಲಮ್ಮ. ಇಬ್ಬರೂ ಚೆನ್ನಾಗಿದ್ದಾರೆ. ತೂಕಾನೂ ಭೇಷಾಗಿದೆ” ಅಂದರು.

ಒಳಗೆ ಹೋದರೆ ವಾರಿಜ ಬೆವರಿ ಬಿಳುಚಿಕೊಂಡು ಮಲಗಿದ್ದಳು. ಪಕ್ಕದಲ್ಲಿ ಮಗು ಮುಷ್ಟಿ ಬಿಗಿದುಕೊಂಡು, ಮುಖವನ್ನು ಕೆಂಪಗೆ ಗಂಟು ಹಾಕಿಕೊಂಡು ಮಲಗಿತ್ತು. ನಾನು ಅದರ ಹಣೆ ಮುಟ್ಟಿದೆ, ತಾಯಿಯ ಹಣೆ ಮುಟ್ಟಿದೆ. ಎರಡೂ ಬೆಚ್ಚಗಿದ್ದವು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ.

“ಅಮ್ಮ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು” ಎಂದ ಶಶಿಧರ ಚೀಲದಿಂದ ಪೊಟ್ಟಣ ತೆಗೆದ. ಗುರುವಾರ ಬೇಕರಿಯಲ್ಲೇ ಜೋಡಿಸಿ ಕೊಟ್ಟಿದ್ದ ಬರ್ಗರ್. ಕೋಸು ಒಳಗೇ ಬಾಡಿಕೊಂಡು, ಬನ್ನು ಒಂದು ಕಡೆ ಜಜ್ಜಿ ಹೋಗಿತ್ತು. “ಇಲ್ಲಿ ಕೆಂಡ ಸಿಗುತ್ತಾ ಕೇಳ್ಕೊಂಡು ಬರ್ತೀನಿ ಇರು.”

“ಕೊಡೋ ಇಲ್ಲಿ” ಎಂದು ಅವನ ಕೈಯಿಂದ ಕಿತ್ತುಕೊಂಡೆ.

ಅಷ್ಟು ತಿಂಗಳು ದಿನಾ ಬಿಸಿ ಮಾಡಿದವಳು, ಒಂದು ಇಡಿಯ ಬರ್ಗರನ್ನು ನಾನು ತಿಂದದ್ದೇ ಇರಲಿಲ್ಲ. ದೊಡ್ಡ ತುತ್ತು ಕಚ್ಚಿದೆ. ತಣ್ಣಗೆ, ಜಿಗುಟು, ವಡೆ ಹಲ್ಲಿಗೆ ಮೇಣದ ಹಾಗೆ ಅಂಟಿತು. ಅಗಿದು ನುಂಗಿ ಇನ್ನೊಂದು ತುತ್ತು ಕಚ್ಚಿದೆ. ಕಣ್ಣಿಂದ ನೀರು ತಾನಾಗಿ ಇಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ.

ವಾರಿಜ ದಿಂಬಿನ ಮೇಲೆ ತಲೆ ಹೊರಳಿಸಿ ನನ್ನನ್ನೇ ನೋಡುತ್ತಿದ್ದಳು. “ಹೇಗಿದೆ ಅತ್ತೆ?” ಅಂದಳು.

“ತುಂಬ ಕೆಟ್ಟದಾಗಿದೆ ಕಣೆ” ಅಂದೆ. ಮಗನ ಕಡೆ ಕೈ ಚಾಚಿದೆ. “ಇನ್ನೊಂದು ಇದೆಯೇನೋ?”